ಸಾಹೇಬರ ರಕ್ತ

ಇಡೀ ಕಚೇರಿಯನ್ನೇ ಗಡಗಡ ನಡುಗಿಸುತ್ತಿದ್ದ ಸಾಹೇಬರಿಗೆ ಸೂಜಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಹೆಂಡತಿ ಹಟ ಹಿಡಿದು ರಕ್ತಪರೀಕ್ಷೆಗೆ ಕಳಿಸಿದ ದಿನ, ಅವರು ಲ್ಯಾಬಿನ ಮುಂದೆ ಜೀಪಿನಿಂದ ಇಳಿಯಲೇ ಇಲ್ಲ.

"ದ್ಯಾವಣ್ಣ, ನನ್ ಹೆಸರು ಹೇಳಿ ನಿನ್ ರಕ್ತ ಕೊಟ್ಟು ಬಾರೋ."

ಡ್ರೈವರ್ ದ್ಯಾವಣ್ಣ ತಲೆ ಕೆರೆದುಕೊಂಡ. "ರಕ್ತಾನೂ ನಾನೇನಾ ಸಾರ್?"

"ಯಾಕೆ, ಹೋದ್ ವರ್ಷ ನನ್ ಹರಕೆಗೆ ಉರುಳುಸೇವೆ ಮಾಡಿದ್ದು ಯಾರೋ?"

"ನಾನೇ ಸಾರ್." ದ್ಯಾವಣ್ಣ ಎಂದಿನಂತೆ ಒಂದು ಬಾಟಲಿ ನೀರು ಗಟಗಟ ಕುಡಿದು ಒಳಗೆ ಹೋದ.

ಮರುದಿನ ಡಾಕ್ಟರು ರಿಪೋರ್ಟ್ ಹಿಡಿದು ಮನೆಗೇ ಓಡಿ ಬಂದರು.

"ಶುಗರ್ ನಾನೂರು ದಾಟಿದೆ ಸಾರ್! ದಿನಕ್ಕೆರಡು ಇನ್ಸುಲಿನ್ ಚುಚ್ಚಲೇಬೇಕು, ಈಗಿಂದೀಗ್ಲೇ."

ಹೆಂಡತಿ ಅಳುತ್ತಲೇ ಸಾಹೇಬರ ಅಂಗಿ ಮೇಲೆತ್ತಿ ಹಿಡಿದರು. "ರೀ, ಅಲ್ಲಾಡಿದ್ರೆ ನನ್ ತಾಳಿ ಮೇಲಾಣೆ!"

ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ, ಸುಮ್ಮನಿದ್ದರೆ ಸೂಜಿ ಹೊಟ್ಟೆಯ ಹತ್ತಿರವೇ ಬಂದಿದೆ. ಸಾಹೇಬರು ಬಾಗಿಲಲ್ಲಿ ನಿಂತಿದ್ದ ದ್ಯಾವಣ್ಣನನ್ನು ಕಣ್ಣಲ್ಲೇ ಬೇಡಿಕೊಂಡರು.

ದ್ಯಾವಣ್ಣ ಲಗುಬಗೆಯಿಂದ ತನ್ನ ಅಂಗಿ ಮೇಲೆತ್ತಿಕೊಂಡು ಮುಂದೆ ಬಂದ.

"ಇದನ್ನೂ ನನಗೇ ಚುಚ್ಚಿಬಿಡಿ ಡಾಕ್ಟ್ರೇ, ಸಾಹೇಬ್ರ ಇಂಥಾ ಕೆಲ್ಸ ಎಲ್ಲಾ ನಾನೇ ಮಾಡೋದು."