ದ್ಯಾವಯ್ಯನ ಎಡೆ

ಚಿಕ್ಕಬೋರಮ್ಮ ಕುಕ್ಕೆಯಿಂದ ಕೋಳಿಸಾರಿನ ಪಾತ್ರೆ ತೆಗೆದಳು, ಕಜ್ಜಾಯ ತೆಗೆದಳು, ಬಾಳೆ ಎಲೆ ತೆಗೆದಳು, ತೀರಿಹೋದ ಗಂಡ ದ್ಯಾವಯ್ಯನ ಫೋಟೋ ತೆಗೆದು ಗೋಡೆಗೆ ಒರಗಿಸಿದಳು. ಕಡೆಗೆ, ತಳದಲ್ಲಿ ಟವೆಲಿನೊಳಗೆ ಸುತ್ತಿಟ್ಟಿದ್ದ ಬ್ರಾಂದಿಯ ಕ್ವಾಟ್ರು ಬಾಟಲಿಯನ್ನು ಫೋಟೋ ಮುಂದೆ ಟಣ್ ಎಂದು ಇಟ್ಟಳು. ಬೆಳ್ಳುಳ್ಳಿ ಸುಲಿಯುತ್ತಿದ್ದ ಗಂಡಸರ ಕೈಗಳೆಲ್ಲ ಒಟ್ಟಿಗೇ ನಿಂತವು.

ಪಾಂಡವಪುರದ ಆ ಹೆಂಚಿನ ಮನೆಯಲ್ಲಿ ಇದ್ದವರೆಲ್ಲ ಕುಡಿತ ಬಿಟ್ಟವರು. ಹಗಲು ಕೆಲಸಕ್ಕೆ ಹೋಗುವುದು, ಸಂಜೆ ಅಡುಗೆ ಮಾಡಿಕೊಂಡು ಒಬ್ಬರನ್ನೊಬ್ಬರು ಕಾಯುವುದು. ಕಟ್ಟಳೆ ಒಂದೇ: ಹೊಸ್ತಿಲು ದಾಟಿ ಬಾಟಲಿ ಬರಕೂಡದು. ಯಾರಿಗೆಂದು ಬಂತೋ ಅವರು ಗಂಟುಮೂಟೆ ಕಟ್ಟಬೇಕು.

"ಅಕ್ಕೋ!" ಎಂದ ಆ ಮನೆಯ ಹಿರಿಯ ಮಂಚಯ್ಯ. "ಏನ್ ತಂದ್‌ಬುಟ್ರಿ? ನಿಮ್ಮಗ ಸಿದ್ದರಾಜನ್ನ ಇವತ್ತೇ ಆಚೀಕ್ ಹಾಕುಸ್ತೀರಾ?"

"ನಿನಗಲ್ಲ ಕಣಪ್ಪ, ಬಾಯ್ ಬುಡ್‌ಬ್ಯಾಡ. ಮಾರ್ನಮಿ ಅಮಾಸೇಲಿ ಹಿರೀಕರು ಉಣ್ಣಕ್ ಬತ್ತಾರೆ. ಇದಿಲ್ದೆ ನಮ್ಮನೇರು ಎಲೆ ಮುಂದೆ ಕೂರಾಕಿಲ್ಲ. ಬದುಕಿದ್ದಾಗ್ಲೇ ಕೂರ್ತಿರ್ನಿಲ್ಲ!"

ಯಾರೋ ಕಿಸಕ್ಕೆಂದರು. ಸಿದ್ದರಾಜು ನಗಲಿಲ್ಲ. ಎಡೆಗೆ ಇಟ್ಟಿದ್ದನ್ನು ಹಿರಿಮಗನೇ ಮೊದಲು ಬಾಯಿಗೆ ಹಾಕಿಕೊಳ್ಳುವುದು ಅವರ ಮನೆಯ ಪದ್ಧತಿ. ಹೋದ ವರ್ಷ ತಮ್ಮೂರು ಹೊಣಕೆರೆಯಲ್ಲಿ "ಪ್ರಸಾದ ಕಣ್ಲಾ" ಎಂದು ತಾಯಿಯೇ ಒಂದು ಗುಟುಕು ಕೊಟ್ಟಿದ್ದಳು. ಬಿಟ್ಟಿದ್ದ ಕುಡಿತ ಆ ಗುಟುಕಿನಿಂದ ಮತ್ತೆ ಹತ್ತಿಕೊಂಡು, ಅವನನ್ನು ಶ್ರೀರಂಗಪಟ್ಟಣದ ಬಸ್ ಸ್ಟಾಂಡಿನಲ್ಲಿ ತಂದು ಕೆಡವಿತ್ತು. ಹುಡುಕಿಕೊಂಡು ಹೋದ ತಾಯಿಗೆ ಮಗನ ಗುರುತು ಸಿಕ್ಕಿದ್ದು ಮುಖದಿಂದಲ್ಲ, ಅಂಗಿಯಿಂದ. ಅದಕ್ಕೇ ಈ ಸಲ ಅವನು ಊರಿಗೆ ಬರುವುದಿಲ್ಲ ಅಂದಿದ್ದ. ಅವಳು ಬಿಡುತ್ತಾಳೆಯೇ? ಹಬ್ಬವನ್ನೇ ಕುಕ್ಕೆಗೆ ತುಂಬಿಕೊಂಡು ಬಸ್ಸು ಹತ್ತಿದ್ದಳು.

"ಅವ್ವ," ಎಂದ ಸಿದ್ದರಾಜು. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದ. "ನೀನೇ ತಗಂಡೋಗಿ ಆಚೆ ಸುರಿ. ನಾ ಮುಟ್ಟಾಕಿಲ್ಲ. ಮುಟ್ಟುದ್ರೆ ಕೈ ಬುಡಾಕಿಲ್ಲ."

"ನಿಮ್ಮಪ್ಪ ಉಪಾಸ ಹೋದ್ರೆ? ಮನೆಗೆ ಕೇಡಲ್ವೇನ್ಲಾ?"

"ಬರ್ಲಿ ಕಣವ್ವ, ಉಣ್ಲಿ. ಆದ್ರೆ ಈ ಮನೆಗೆ ಬರೋರು ಬದುಕಿರೋರಾಗ್ಲಿ ಸತ್ತೋರಾಗ್ಲಿ, ಕುಡಿಯಂಗಿಲ್ಲ. ನಂಗೊಂದು ನ್ಯಾಯ, ಅಪ್ಪಂಗೊಂದು ನ್ಯಾಯ ಇಲ್ಲಿಲ್ಲ."

"ಬೇಕಾದ್ರೆ ಇಲ್ಲೇ ಇದ್‌ಬುಡ್ಲಿ ಕಣಕ್ಕ," ಎಂದ ಮಂಚಯ್ಯ. "ಒಂದ್ ಚಾಪೆ ಖಾಲಿ ಐತೆ. ಆದ್ರೆ ಪಾತ್ರೆ ತೊಳೀಬೇಕು."

ಚಿಕ್ಕಬೋರಮ್ಮನಿಗೆ ಮಗನ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ದ್ಯಾವಯ್ಯನಿಗೆ 'ಕುಡಿಯಬೇಡ' ಅಂದವರು ಅವರ ವಂಶದಲ್ಲೇ ಇರಲಿಲ್ಲ. ಅನ್ನಲು ಹೋಗಿ ಏಟು ತಿಂದು ಅವಳೂ ಬಾಯಿ ಹೊಲಿದುಕೊಂಡವಳೇ. ಇವನೋ, ಕೂಗಾಡಲಿಲ್ಲ, ರೇಗಲಿಲ್ಲ. ತನ್ನ ಕೈಯನ್ನು ತಾನೇ ಹಿಡಿದುಕೊಂಡು ಅಂದುಬಿಟ್ಟ. ಅವಳ ಎದೆ ಉಬ್ಬಿ ಕುಪ್ಪಸ ಬಿಗಿಯಾಯಿತು.

ಬಾಟಲಿ ಎತ್ತಿಕೊಂಡು ಹೋಗಿ ಬೀದಿ ಚರಂಡಿಗೆ ಗಳಗಳ ಸುರಿದಳು. ಸೆರಗಿಗೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಸಿದ್ದರಾಜು ದೊಡ್ಡ ಲೋಟದ ತುಂಬ ಮಜ್ಜಿಗೆ ಹುಯ್ದು ಎಲೆಯ ಪಕ್ಕ ಇಟ್ಟಿದ್ದ. ಕರ್ಪೂರ ಹಚ್ಚಿದರು. ಹಿರಿಯರು ನಾಚದೆ ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಜಗಲಿಯ ಮೇಲೆ ಒತ್ತೊತ್ತಾಗಿ ನಿಂತರು.

ಒಳಗೆ ಸದ್ದಿಲ್ಲ. ಚಿಕ್ಕಬೋರಮ್ಮ ಮುಂದೆ ಹೋಗಿ ಬಾಗಿಲ ಸಂದಿಗೆ ಬಾಯಿಟ್ಟಳು.

"ಏಯ್ ಸಿದ್ದರಾಜನಪ್ಪಾ, ಲೋಟ ಯಾಕಂಗ್ ನೋಡ್ತಾ ಕುಂತಿದ್ದೀಯ? ಮಜ್ಜಿಗೆ ಕಣ ಅದು. ಬೇಕಾದ್ರೆ ಕುಡಿ, ಬ್ಯಾಡ್ದಿದ್ರೆ ಬುಡು. ಇದು ನನ್ ಮಗನ್ ಮನೆ."