ಸೂರ್ಯನ ಕಡೆಯ ಕೆನ್ನೆ

ಸೀರಮ್ ಬಾಟಲಿ ಅರ್ಧ ಖಾಲಿಯಾಗಿತ್ತು. ಅಮ್ಮನ ಬಲಗೆನ್ನೆಯ ಬಂಗು ಮಾತ್ರ ಇದ್ದಲ್ಲೇ ಇತ್ತು. ಮಗಳು ಬಾಟಲಿಯನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿದಳು. ಕೆಟ್ಟಿದ್ದರೆ ಚಹಾದ ಬಣ್ಣಕ್ಕೆ ತಿರುಗಬೇಕಿತ್ತು. ಇದು ಇನ್ನೂ ತಿಳಿಯಾಗಿಯೇ ಇತ್ತು.

“ದಿನಾ ಹಚ್ಕೋತಿದೀಯಾ ಇಲ್ವಾ? ನಿಜ ಹೇಳು.”

“ಹಚ್ಕೊಳ್ದೆ ಬಾಟಲಿ ತಾನೇ ಕುಡ್ಕೊಳ್ತಾ?” ಅಮ್ಮ ವ್ಯಾನಿನ ಕೀಲಿ ಹುಡುಕುತ್ತಿದ್ದಳು.

“ಮುಖ ತೊಳೆದು, ಒರೆಸ್ಕೊಂಡು, ಆಮೇಲೆ ತಾನೆ? ಅದು ಆರಿದ ಮೇಲೆ ಸನ್‌ಸ್ಕ್ರೀನು?”

“ಹೂಂ ಕಣೇ. ನಿನ್ನ ಪಾಠ ನನ್ನ ಮುಖಕ್ಕೇ ಬಾಯಿಪಾಠ ಆಗಿದೆ.”

ಮಗಳಿಗೆ ಮೈ ಉರಿಯಿತು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ದಿನವಿಡೀ ಅವಳು ಹೇಳುವುದು ಇದನ್ನೇ: ಬೆಳಿಗ್ಗೆ ಹಚ್ಚಿ, ನಾಲ್ಕೇ ಹನಿ ಸಾಕು, ಮೊದಮೊದಲು ಸ್ವಲ್ಪ ಚುರುಗುಟ್ಟುತ್ತದೆ, ಬಿಸಿಲಲ್ಲಿ ಇಡಬೇಡಿ. ಮೊಡವೆಯ ಗುರುತಿನವರು, ಕಣ್ಣಿನ ಕೆಳಗೆ ಕಪ್ಪಾದವರು, ಮುಖ ಕಳೆಗುಂದಿದೆಯೆಂದು ಕೊರಗುವವರು, ಎಲ್ಲರೂ ತಲೆಯಾಡಿಸಿ ಕೇಳಿಕೊಂಡು ಹೋಗುತ್ತಾರೆ. ಕೆಲವರು ಮತ್ತೆ ಬಂದು ಮುಖ ತೋರಿಸಿಯೂ ಹೋಗುತ್ತಾರೆ. ಊರಿಗೆಲ್ಲ ದಕ್ಕಿದ ಮಾತು ಮನೆಯಲ್ಲಿ ಮಾತ್ರ ದಕ್ಕುವುದಿಲ್ಲ.

ಇದೇನು ಚೆಂದ ಕಾಣುವ ಹುಚ್ಚೂ ಆಗಿರಲಿಲ್ಲ. ಅಮ್ಮ ಓಡಿಸುವುದು ಶಾಲೆಯ ವ್ಯಾನು. ಬಲಗಡೆಯ ಕಿಟಕಿಯಿಂದ ವರ್ಷಗಟ್ಟಲೆ ಬಿದ್ದ ಬಿಸಿಲು ಆ ಕೆನ್ನೆಯ ಮೇಲೆ ಕಂದು ಬಳಿದಿತ್ತು. ಎಡಗೆನ್ನೆಯಲ್ಲಿ ತೆಳ್ಳಗಿನ ಮಚ್ಚೆಗಳಷ್ಟೆ. ಮಕ್ಕಳು ‘ಅರ್ಧಚಂದ್ರ ಆಂಟಿ’ ಎಂದು ಹೆಸರಿಟ್ಟಾಗ ಅಮ್ಮನೇ ಎಲ್ಲರಿಗಿಂತ ಹೆಚ್ಚು ನಕ್ಕಿದ್ದಳು. ಆದರೆ ಈ ವರ್ಷ ಹೊಸದಾಗಿ ಸೇರಿದ ಮಗುವಿನ ತಾಯಿಯೊಬ್ಬಳು, ಕನ್ನಡಕದಾಕೆ, ಅದು ಅಂಟುರೋಗವಿರಬಹುದು ಎಂದು ಶಾಲೆಗೆ ಕಂಪ್ಲೇಂಟ್ ಕೊಟ್ಟಳು. “ವಾಸಿ ಮಾಡ್ಕೊಳ್ಳಿ, ಇಲ್ಲಾಂದ್ರೆ ರಜೆ ಮುಗಿದ ಮೇಲೆ ಬೇರೆ ಡ್ರೈವರ್ ನೋಡ್ತೀವಿ” ಎಂದ ಮ್ಯಾನೇಜರು. ಬಂಗು ಅಂಟುವುದಿಲ್ಲವೆಂದು ತಿಳಿಸಿಹೇಳಲು ಮಗಳು ಹೊರಟಾಗ, “ಮಕ್ಕಳು ಮನಸಿಟ್ಟು ಕೊಟ್ಟ ಅರ್ಧಚಂದ್ರ ಸಾಕು, ಮ್ಯಾನೇಜರ ಕೈಲೂ ಕೊಡಿಸ್ಬೇಡ” ಎಂದು ಅಮ್ಮನೇ ತಡೆದಿದ್ದಳು. ನಾಳೆಯಿಂದ ರಜೆ.

“ನಾನೂ ಬರ್ತೀನಿ ಇವತ್ತು,” ಎಂದಳು ಮಗಳು. “ಆಯಮ್ಮನ ಹತ್ರ ನಾನೇ ಮಾತಾಡ್ತೀನಿ.”

“ಬಾಯಿ ಮುಚ್ಕೊಂಡು ಕೂರೋದಾದ್ರೆ ಬಾ.”

ಮಗಳು ಅಮ್ಮನ ಹಿಂದಿನ ಸೀಟಿನಲ್ಲಿ ಕುಳಿತಳು. ಅಲ್ಲಿಂದ ಕಾಣುತ್ತಿದ್ದುದು ಮತ್ತದೇ ಬಲಗೆನ್ನೆ. ಒಂದು ಕೈ ಕಿಟಕಿಯ ಮೇಲೆ, ಮುಖ ನೇರ ಬಿಸಿಲಿಗೆ. ಟೊಪ್ಪಿ ಹಾಕಿಕೋ ಎಂದು ಎಷ್ಟು ಸಲ ಹೇಳಿದ್ದಾಳೆ!

ಕನ್ನಡಕದಾಕೆ ಮಗುವಿನ ಕೈ ಹಿಡಿದು ಕಾಯುತ್ತಿದ್ದಳು. ಮೊದಲೆಲ್ಲ ಡ್ರೈವರ್ ಕಿಟಕಿಗೇ ಬಂದು ಏನಾದರೊಂದು ಎಚ್ಚರಿಕೆ ಕೊಟ್ಟು ಹೋಗುತ್ತಿದ್ದವಳು, ಕಂಪ್ಲೇಂಟ್ ಕೊಟ್ಟಾಗಿನಿಂದ ದೂರವೇ ನಿಲ್ಲುತ್ತಿದ್ದಳು. ಇವತ್ತು ಅಮ್ಮ ವ್ಯಾನನ್ನು ಫುಟ್‌ಪಾತಿಗೆ ಒತ್ತಿ ನಿಲ್ಲಿಸಿ, ಎಡಕ್ಕೆ ಬಾಗಿ ತಾನೇ ಆ ಕಡೆಯ ಬಾಗಿಲು ತೆರೆದುಬಿಟ್ಟಳು.

“ಈ ಕಡೆಯಿಂದ್ಲೇ ಹೇಳಿ ಮೇಡಂ. ಆ ಕಡೆ ಗಾಡಿಗಳು ಮೈಮೇಲೇ ಬರ್ತವೆ.”

“ಇವಳಿಗೆ ನೆಗಡಿ, ಕಿಟಕಿ ಪಕ್ಕ ಕೂರಿಸ್ಬೇಡಿ,” ಎನ್ನುತ್ತ ಆಕೆ ಒಳಗೆ ಬಗ್ಗಿದಳು. ಕನ್ನಡಕ ಸರಿಮಾಡಿಕೊಂಡಳು. “ಅರೆ ಡ್ರೈವರಮ್ಮ, ಕಲೆ ಹೋಗೇ ಬಿಟ್ಟಿದೆಯಲ್ಲ! ಏನು ಹಚ್ಚಿದ್ರಿ?”

“ಮಗಳು ತಂದುಕೊಟ್ಟ ಸೀರಮ್ಮು. ವಿಟಮಿನ್ ಸಿ.”

“ನನಗೂ ಒಂದು ತರಿಸಿಕೊಡಿ. ನನ್ನದೇನೂ ತಕರಾರಿಲ್ಲ ಅಂತ ಇವತ್ತೇ ಮ್ಯಾನೇಜರಿಗೆ ಫೋನ್ ಮಾಡ್ತೀನಿ.” ಕಲೆ ಇದ್ದದ್ದು ಯಾವ ಕೆನ್ನೆಯಲ್ಲಿ ಎಂಬುದು ಆಕೆಗೆ ನೆನಪಿದ್ದಂತಿರಲಿಲ್ಲ.

ಮಗಳು ಸೀಟಿನಿಂದ ಅರ್ಧ ಎದ್ದು ಅಮ್ಮನ ಎಡಗೆನ್ನೆ ನೋಡಿದಳು. ಒಂದು ಮಚ್ಚೆಯೂ ಇಲ್ಲ. ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ. ಇಷ್ಟು ದಿನ ಆ ಕಡೆ ಅವಳು ಕಣ್ಣೇ ಹಾಯಿಸಿರಲಿಲ್ಲ. ಕೆಡದ ಕೆನ್ನೆಯನ್ನು ಯಾರು ನೋಡುತ್ತಾರೆ?

ಮಕ್ಕಳು ಶಾಲೆಯ ಗೇಟು ದಾಟುವವರೆಗೂ ಅವಳು ಹೇಗೋ ತಡೆದುಕೊಂಡಳು.

“ಅಮ್ಮಾ! ಬಂಗು ಇರೋದು ಬಲಗಡೆ. ನೀನು ಹಚ್ಚಿದ್ದು ಎಡಗಡೆಗಾ?”

“ಬಲಗಡೆಗೆ ಹಚ್ಚೋದೂ ಒಂದೇ, ಹೊಳೇಲಿ ಹುಣಸೇಹಣ್ಣು ಹಿಂಡೋದೂ ಒಂದೇ. ಬೆಳಿಗ್ಗೆ ಹಚ್ಚಿದ್ರೆ ಮಧ್ಯಾಹ್ನದೊಳಗೆ ಬಿಸಿಲು ನೆಕ್ಕಿ ಹಾಕುತ್ತೆ. ಎಡಗಡೆದು ಉಳಿಯೋ ಕೆನ್ನೆ. ಮಕ್ಕಳು ಹತ್ತೋದು, ಅವರಮ್ಮಂದಿರು ನಿಲ್ಲೋದು, ಎಲ್ಲಾ ಈ ಕಡೆಯೇ.”

“ಸನ್‌ಸ್ಕ್ರೀನು?”

“ಅದನ್ನೂ ಇದಕ್ಕೇ.”

“ದೇವರೇ! ಸೂರ್ಯ ಇರೋದು ಆ ಕಡೆ ಅಲ್ವೇನಮ್ಮಾ!” ಮಗಳು ಹಣೆ ಚಚ್ಚಿಕೊಂಡಳು. “ಮತ್ತೆ ನಾನು? ಊಟಕ್ಕೆ ಕೂತಾಗ ನಿನ್ನ ಬಲಗಡೆ ಕೂರೋಳು ನಾನು. ಆ ಕೆನ್ನೆ ದಿನಾ ನೋಡೋಳು ನಾನು!”

ಅಮ್ಮ ಗೇರು ಬದಲಿಸಿ, ಕಿಟಕಿಯ ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು.

“ನೀನೇನು ಕಂಪ್ಲೇಂಟ್ ಕೊಡ್ತೀಯಾ?”