ಲೆಮ್ ರಡ್‌ನ ಸಹಿ

ಗಾಜಿನ ಪೆಟ್ಟಿಗೆಯೊಳಗಿದ್ದ ಬೇಸ್‌ಬಾಲ್ ಚೆಂಡನ್ನು ಕಂಡೊಡನೆ ಮುದುಕ ಆಲ್ಟನ್ ಟೀಗ್‌ನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಚೆಂಡಿನ ಮೇಲೆ ನೀಲಿ ಶಾಯಿಯಲ್ಲಿ 'ಲೆಮ್ ರಡ್' ಎಂಬ ಸಹಿ. ಅಮೆರಿಕದ ಬರ್ಮಿಂಗ್‌ಹ್ಯಾಮಿನ ಆ ಚರ್ಚಿನ ಸಭಾಂಗಣದಲ್ಲಿ ಸೇರಿದವರೆಲ್ಲ ಅದರ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದರು. ಐವತ್ತು ವರ್ಷದ ಹಿಂದೆ ಕಪ್ಪು ಜನರ ಲೀಗಿನಲ್ಲಿ ಆಡಿದ ಹುಲಿಗಳಿಗೆ ಇವತ್ತು ಸನ್ಮಾನ. ಕರಪತ್ರದಲ್ಲಿ ಲೆಮ್‌ನ ಫೋಟೋ ಅಂಗೈ ಅಗಲ, ಆಲ್ಟನ್‌ನದು ಹೆಬ್ಬೆಟ್ಟಿನಷ್ಟು.

ದುಡಿದವನೊಬ್ಬ, ಮೆರೆದವನೊಬ್ಬ! ಲೆಮ್ ಚೆಂಡು ಎಸೆಯುತ್ತಿದ್ದ, ಸರಿ. ಆದರೆ ಒಂಬತ್ತು ವರ್ಷ ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕೂತು, ಯಾವ ಚೆಂಡು ಎಸೆಯಬೇಕೆಂದು ಬೆರಳಲ್ಲಿ ಸನ್ನೆ ಮಾಡಿದವನು ಯಾರು? ಆ ಚೆಂಡುಗಳನ್ನು ಹಿಡಿದು ಹಿಡಿದು ಮೂರು ಬೆರಳು ಸೊಟ್ಟ ಮಾಡಿಕೊಂಡವನು ಯಾರು? ಹಾಳಾಗಲಿ, ಅದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಆ ಸಹಿ! ಲೆಮ್‌ಗೆ ಆಗ ಒಂದಕ್ಷರ ಬರೆಯಲು ಬರುತ್ತಿರಲಿಲ್ಲ. ತಂಡದ ಬಸ್ಸಿನ ಕಿಟಕಿಗೆ ಜನ ಚೆಂಡು ಚಾಚಿದರೆ ಸೀಟಿನ ಸಂದಿಯಿಂದ ಹಿಂದಕ್ಕೆ ದಾಟಿಸುತ್ತಿದ್ದ. ಹಿಂದೆ ಕೂತ ಆಲ್ಟನ್ ಗುಟ್ಟಾಗಿ 'ಲೆಮ್ ರಡ್' ಎಂದು ಬರೆದು ಕೊಡುತ್ತಿದ್ದ. ಆಲ್ಟನ್‌ನ ಸಹಿಯನ್ನು ಒಬ್ಬನೇ ಒಬ್ಬನೂ ಕೇಳಿದ್ದಿಲ್ಲ.

ಲೆಮ್ ಊರುಗೋಲು ಊರುತ್ತ ಬಂದ. ಕ್ಯಾಮೆರಾಗಳು ಮುತ್ತಿಕೊಂಡವು.

"ಏನೋ ಸೊಟ್ಟಬೆರಳ, ಇನ್ನೂ ಬದುಕಿದೀಯಾ?"

"ನಿನ್ನನ್ನ ಮಣ್ಣಿಗಿಟ್ಟೇ ನಾನು ಹೋಗೋದು," ಎಂದ ಆಲ್ಟನ್. ಅವನ ಮಾತಿನಲ್ಲಿ ತಮಾಷೆ ಅರ್ಧವೇ ಇತ್ತು.

ಹಳೆಯ ಚೆಂಡುಗಳ ಅಸಲಿ ನಕಲಿ ಪತ್ತೆಹಚ್ಚುವುದರಲ್ಲಿ ಹೆಸರಾದ ಪ್ರೆಂಟಿಸ್, ಒಂದು ಹೊಸ ಚೆಂಡನ್ನೂ ಪೆನ್ನನ್ನೂ ಲೆಮ್‌ನ ಮುಂದೆ ಹಿಡಿದ. ಲೆಮ್ ಓರೆಗಣ್ಣಿನಲ್ಲಿ ಆಲ್ಟನ್‌ನನ್ನು ನೋಡಿದ. ಆಲ್ಟನ್ ಬೇಕೆಂದೇ ಕೈಕಟ್ಟಿಕೊಂಡ. ಇವತ್ತು ಎಲ್ಲರೆದುರು ಇವನ ಬಣ್ಣ ಬಯಲಾಗಲಿ ಎಂದೇ ಅವನು ಬಂದದ್ದು.

"ಬರಿಯೋ ಮಹಾರಾಯ, ನಿನ್ನ ಹೆಸರು ತಾನೇ!"

"ಬರೀತೀನಿ ಬಿಡೋ." ಲೆಮ್ ಬಗ್ಗಿ ಅವನ ಕಿವಿಯಲ್ಲಿ ಪಿಸುಗುಟ್ಟಿದ. "ಹೋದ ವರ್ಷ ಪಾದ್ರಿಯಮ್ಮನ ಹತ್ರ ಕಲ್ತೆ ಕಣೋ. ಎಪ್ಪತ್ತಾರನೇ ವಯಸ್ನಲ್ಲಿ!"

ತುಟಿ ಬಿಗಿಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಬರೆದೇ ಬಿಟ್ಟ. ಆಲ್ಟನ್‌ಗೆ ಕೆನ್ನೆಗೆ ಬಾರಿಸಿದಂತಾಯಿತು. ಇದೊಂದಾದರೂ ತನ್ನದಾಗಿತ್ತು, ಅದನ್ನೂ ಕಿತ್ತುಕೊಂಡನಲ್ಲ ಪಾಪಿ!

ಪ್ರೆಂಟಿಸ್ ಭೂತಗನ್ನಡಿಯಲ್ಲಿ ಎರಡೂ ಚೆಂಡುಗಳನ್ನು ನೋಡಿ ಹುಬ್ಬು ಗಂಟಿಕ್ಕಿದ. ಮತ್ತೊಮ್ಮೆ ನೋಡಿದ. ಆಮೇಲೆ ಲೆಮ್‌ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದ.

"ತಪ್ಪು ತಿಳ್ಕೋಬೇಡಿ. ಈ ಕೈಬರಹ ಬೇರೆ, ಪೆಟ್ಟಿಗೇಲಿರೋದು ಬೇರೆ. ಇವರು... ನಿಜವಾಗ್ಲೂ ಲೆಮ್ ರಡ್ ಅವರೇ ತಾನೇ?"

ಸಭೆಯಲ್ಲಿ ಗುಸುಗುಸು ಎದ್ದಿತು. ಆಲ್ಟನ್‌ಗೆ ಇನ್ನು ತಡೆಯಲಾಗಲಿಲ್ಲ.

"ಇವನೇ ಕಣ್ರೀ ರಡ್! ಪೆಟ್ಟಿಗೇಲಿರೋದು ನಂದು! ಇವನಿಗೆಲ್ಲಿ ಅಕ್ಷರ ಬರ್ತಿತ್ತು? ಊರೂರಲ್ಲಿ ಬರೆದು ಕೊಟ್ಟೋನು ನಾನು. ನೀವು ಟೋಪಿ ತೆಗೆದಿದ್ದು ನನ್ನ ಕೈಬರಹಕ್ಕೆ!"

"ಹೌದು," ಎಂದ ಲೆಮ್. "ಅವನದೇ."

ಆಲ್ಟನ್ ಎದೆ ಸೆಟೆಸಿ ಚಪ್ಪಾಳೆಗಾಗಿ ಕಾದ. ಪ್ರೆಂಟಿಸ್ ಪೆಟ್ಟಿಗೆಯ ಮುಚ್ಚಳ ತೆರೆದು ಹಳೆಯ ಚೆಂಡನ್ನು ಎರಡೇ ಬೆರಳಲ್ಲಿ ಎತ್ತಿದ.

"ಅಯ್ಯೋ, ಹಾಗಾದ್ರೆ ಇದು ನಕಲಿ. ಯಾರಿಗೂ ಬೇಡ," ಎಂದು ಅದನ್ನು ಊಟದ ಮೇಜಿನ ಮೇಲೆ, ಕೋಳಿಮೂಳೆ ತುಂಬಿದ ತಟ್ಟೆಗಳ ಪಕ್ಕ ಇಟ್ಟ. ಹೊಸ ಚೆಂಡು ಪೆಟ್ಟಿಗೆ ಸೇರಿತು. ಜನ ಮತ್ತೆ ಅತ್ತ ನುಗ್ಗಿದರು. ಆಲ್ಟನ್ ನಿಂತಲ್ಲೇ ನಿಂತಿದ್ದ.

ಲೆಮ್ ಮಾತ್ರ ಗುಂಪಿನಿಂದ ಬಿಡಿಸಿಕೊಂಡು ಮೇಜಿನವರೆಗೆ ನಡೆದ. ಹಳೆಯ ಚೆಂಡನ್ನು ಎತ್ತಿ, ಕೋಟಿಗೆ ಒರೆಸಿ, ಜೇಬಿಗಿಳಿಸಿಕೊಂಡ.

"ಇದು ನನಗಿರ್ಲಿ," ಎಂದ. "ಇಷ್ಟು ವರ್ಷದಲ್ಲಿ ನನ್ನ ಹತ್ರ ಆಲ್ಟನ್ ಟೀಗ್ ಸಹಿ ಮಾಡಿದ ಚೆಂಡು ಒಂದೂ ಇರ್ಲಿಲ್ಲ."